ಮಂಜೂರಾತಿ ಜಮೀನು ಮತ್ತು ‘ಸಮಂಜಸ ಅವಧಿ’: ನ್ಯಾಯಾಲಯಗಳಲ್ಲಿ ರೂಪ ಪಡೆದ ಪಿಟಿಸಿಎಲ್ ಕಾಯ್ದೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಗಳಲ್ಲಿ ‘ಪಿಟಿಸಿಎಲ್ ಜಮೀನು’ ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಸರ್ಕಾರ ದರಖಾಸ್ತಿನಲ್ಲಿ ಕೊಟ್ಟದ್ದು, ಪರಭಾರೆ ಮಾಡಕೂಡದೆಂಬ ಷರತ್ತಿಗೆ ಒಳಪಟ್ಟದ್ದು, ಆದರೂ ಸಾಲಕ್ಕೋ ಮದುವೆಗೋ ಕಾಯಿಲೆಗೋ ಕೈಬದಲಾದದ್ದು. ಅಂಥ ಜಮೀನು ಮೂಲ ಮಂಜೂರಾತಿದಾರನ ಮಕ್ಕಳಿಗೆ ಮರಳುತ್ತದೆಯೇ ಎಂಬ ಪ್ರಶ್ನೆಗೆ ಕಾಯ್ದೆಯ ಪುಸ್ತಕವೊಂದನ್ನೇ ತೆರೆದರೆ ಇಂದು ಉತ್ತರ ಸಿಗುವುದಿಲ್ಲ. ನಾಲ್ಕು ದಶಕಗಳ ತೀರ್ಪುಗಳು ಆ ಕಾಯ್ದೆಯೊಳಗೆ ಸೇರಿಕೊಂಡಿವೆ. ಅವುಗಳಲ್ಲಿ ಒಂದು ಎಳೆ, ಅಂದರೆ ಕಾಲಾವಧಿಯ ಪ್ರಶ್ನೆ, ಹೇಗೆ ಬೆಳೆಯಿತೆಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

ಕರ್ನಾಟಕ ಪರಿಶಿಷ್ಟ ಜಾತಿಗಳ ಮತ್ತು ಪರಿಶಿಷ್ಟ ಪಂಗಡಗಳ (ಕೆಲವು ಭೂಮಿಗಳ ವರ್ಗಾವಣೆ ನಿಷೇಧ) ಕಾಯ್ದೆ, 1978, ಅಂದರೆ ಪಿಟಿಸಿಎಲ್ ಕಾಯ್ದೆ, ಜಾರಿಗೆ ಬಂದದ್ದು 1979ರ ಜನವರಿ 1ರಂದು. ಅದರ 4ನೇ ಪ್ರಕರಣ ಷರತ್ತು ಮೀರಿ ನಡೆದ ವರ್ಗಾವಣೆಗಳನ್ನು, ಕಾಯ್ದೆಗೆ ಮೊದಲು ನಡೆದವುಗಳನ್ನೂ ಸೇರಿಸಿ, ಶೂನ್ಯವೆಂದು ಸಾರುತ್ತದೆ. ಮುಂದಿನ ವರ್ಗಾವಣೆಗೆ ಸರ್ಕಾರದ ಪೂರ್ವಾನುಮತಿ ಬೇಕೆನ್ನುತ್ತದೆ. 5ನೇ ಪ್ರಕರಣದಡಿ ಉಪವಿಭಾಗಾಧಿಕಾರಿ (ಎಸಿ) ಅರ್ಜಿ ಬಂದರೆ, ಮಾಹಿತಿ ಬಂದರೆ, ಅಥವಾ ತಾನಾಗಿಯೇ ವಿಚಾರಣೆ ನಡೆಸಿ ಜಮೀನನ್ನು ವಶಕ್ಕೆ ಪಡೆದು ಮೂಲದವರಿಗೆ ಮರಳಿಸಬಹುದು. ಮಂಜೂರಾತಿ ಜಮೀನು ಹೊರಗಿನವರ ಸ್ವಾಧೀನದಲ್ಲಿದ್ದರೆ ಅದು ಶೂನ್ಯ ವರ್ಗಾವಣೆಯಿಂದಲೇ ಬಂದದ್ದೆಂದು ಮೊದಲು ಭಾವಿಸಬೇಕು; ಅಲ್ಲವೆಂದು ರುಜುವಾತುಪಡಿಸುವ ಹೊಣೆ ಸ್ವಾಧೀನದಲ್ಲಿರುವವರದು. ಎಷ್ಟು ವರ್ಷದೊಳಗೆ ಅರ್ಜಿ ಹಾಕಬೇಕೆಂಬ ಮಾತು ಮಾತ್ರ 1978ರ ಪಠ್ಯದಲ್ಲಿ ಎಲ್ಲಿಯೂ ಇರಲಿಲ್ಲ.

1984ರಲ್ಲಿ ಮಂಚೇಗೌಡ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯ ಸಿಂಧುತ್ವವನ್ನು ಎತ್ತಿಹಿಡಿಯಿತು. ಅದೇ ತೀರ್ಪಿನಲ್ಲಿ ಕಾಯ್ದೆಯೊಳಗೆ ಒಂದು ವಿನಾಯಿತಿಯನ್ನೂ ಓದಿಕೊಂಡಿತು: ಕಾಯ್ದೆ ಜಾರಿಯಾಗುವ ಮೊದಲೇ ದೀರ್ಘ ಸ್ವಾಧೀನದಿಂದ ಹಕ್ಕು ಪೂರ್ಣಗೊಳಿಸಿಕೊಂಡಿದ್ದವರಿಗೆ ಇದು ಅನ್ವಯಿಸದು. ಶಾಸಕಾಂಗ ಹೀಗೆ ಬರೆದಿರಲಿಲ್ಲ. ಹಾಗಾದರೆ ದೀರ್ಘ ಎಂದರೆ ಎಷ್ಟು? ಹತ್ತು ವರ್ಷಗಳ ನಂತರ, 1994ರ ಕೆ.ಟಿ. ಹುಚ್ಚೇಗೌಡ ಪ್ರಕರಣದಲ್ಲಿ ಅದಕ್ಕೆ ಉತ್ತರ ಬಂತು. ಮಾಲೀಕತ್ವ ಸರ್ಕಾರದಲ್ಲೇ ಉಳಿದಿದ್ದರೆ 30 ವರ್ಷ, ಮಂಜೂರಾತಿದಾರನಿಗೆ ಪೂರ್ಣ ಒಡೆತನ ಬಂದಿದ್ದರೆ 12 ವರ್ಷ. ಸಂವಿಧಾನದ 141ನೇ ಅನುಚ್ಛೇದದ ಬಲದಿಂದ ಈ ಅಂಕಿಗಳು ಹಾಸನದ ಎಸಿ ಕೋರ್ಟಿನಲ್ಲೂ ಸಕಲೇಶಪುರದ ಎಸಿ ಕೋರ್ಟಿನಲ್ಲೂ ಕಾಯ್ದೆಯ ಅಕ್ಷರದಷ್ಟೇ ಬದ್ಧವಾದವು.

ಹೆಚ್ಚು ದೂರಗಾಮಿಯಾದ ತಿರುವು 2017ರ ಅಕ್ಟೋಬರಿನದು. ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, ಕಾಯ್ದೆ ಬಂದು ಎರಡು ದಶಕ ಮೀರಿದ ಮೇಲೆ ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಅವಧಿ ನಮೂದಾಗಿರದ ಅಧಿಕಾರವನ್ನೂ ಸಮಂಜಸ ಅವಧಿಯೊಳಗೇ ಚಲಾಯಿಸಬೇಕೆಂಬುದು ಅದರ ತರ್ಕ. ಈ ತತ್ವದ ವಂಶಾವಳಿಯನ್ನು ಗಮನಿಸಬೇಕು. ಭಾರತದ ಕಂದಾಯ ಕಾನೂನಿನಲ್ಲಿ ಅದು ಗಟ್ಟಿಯಾಗಿ ನೆಲೆಗೊಂಡದ್ದು 1969ರ ಪಾಟೀಲ್ ರಾಘವ ನಾಥಾ ಪ್ರಕರಣದಿಂದ. ಅಲ್ಲಿ ಕಲೆಕ್ಟರ್ ಕೊಟ್ಟ ಅನುಮತಿಯನ್ನು ಕಮಿಷನರ್ ಒಂದು ವರ್ಷಕ್ಕೂ ಹೆಚ್ಚು ಕಾಲದ ಬಳಿಕ ರದ್ದುಮಾಡಿದ್ದರು. ಅಧಿಕಾರಿಯ ಕೈ ಕಟ್ಟುವುದಕ್ಕಾಗಿ ನ್ಯಾಯಾಲಯ ಆ ನಿಯಮ ಹೇಳಿತು. ಅಧಿಕಾರಸ್ಥರಿಂದ ಪ್ರಜೆಯನ್ನು ಕಾಯಲು ಹುಟ್ಟಿದ ನಿಯಮ ಅರ್ಧ ಶತಮಾನದೊಳಗೆ, ಜಮೀನು ಕಳೆದುಕೊಂಡ ಕುಟುಂಬದ ಅರ್ಜಿಯನ್ನು ತಡೆಯುವ ನಿಯಮವಾಗಿ ಬಳಕೆಗೆ ಬಂದಿದೆ. ಪೂರ್ವನಿದರ್ಶನದ ಪದ್ಧತಿಯಲ್ಲಿ ತತ್ವಗಳು ಹೀಗೆ ಒಂದು ಸಂದರ್ಭದಿಂದ ಇನ್ನೊಂದಕ್ಕೆ ಸಾಗುವುದು ಸಹಜ. ಸಾಗುವಾಗ ಅವುಗಳ ಉದ್ದೇಶವೂ ಜೊತೆಗೆ ಬಂತೇ ಎಂದು ಕೇಳುವುದು ಅಧ್ಯಯನಕಾರರ ಕೆಲಸ. ಇಲ್ಲಿ ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಶಾಸಕಾಂಗ ಸುಮ್ಮನಿರಲಿಲ್ಲ. 2023ರ ಜುಲೈನಲ್ಲಿ 5ನೇ ಪ್ರಕರಣಕ್ಕೆ ತಿದ್ದುಪಡಿ ತಂದು, ಈ ಕಾಯ್ದೆಯ ಮೊರೆಹೋಗಲು ಯಾವ ಕಾಲಮಿತಿಯೂ ಇಲ್ಲವೆಂದೂ ಬಾಕಿ ಪ್ರಕರಣಗಳಿಗೂ ಇದು ಅನ್ವಯವೆಂದೂ ಸೇರಿಸಿತು. ವಿಷಯ ಇತ್ಯರ್ಥವಾಯಿತೆಂದು ಅರ್ಜಿದಾರರು ಭಾವಿಸಿದ್ದು ಸಹಜ. ಆದರೆ 2024ರ ಜುಲೈನಲ್ಲಿ ಹೈಕೋರ್ಟಿನ ಧಾರವಾಡ ವಿಭಾಗೀಯ ಪೀಠ ಗೌರಮ್ಮ ಪ್ರಕರಣದಲ್ಲಿ ಬೇರೆ ರೀತಿ ಓದಿತು. ಕಾಲಮಿತಿ ಶಾಸನ ನಿಗದಿಪಡಿಸುವ ಗಡುವು; ಅನುಚಿತ ವಿಳಂಬ ಸಂಗತಿಗಳನ್ನು ತೂಗಿ ನ್ಯಾಯಾಧೀಶರು ಅನ್ವಯಿಸುವ ಸಮತಾನ್ಯಾಯದ ತತ್ವ. ಮೊದಲನೆಯದನ್ನು ತೆಗೆದುಹಾಕಿದ ಮಾತ್ರಕ್ಕೆ ಎರಡನೆಯದು ಹೋಗುವುದಿಲ್ಲ. ತರ್ಕವಾಗಿ ಇದು ಅಚ್ಚುಕಟ್ಟು. ಆದರೆ ನೆಕ್ಕಂಟಿ ತೀರ್ಪಿನ ಪರಿಣಾಮವನ್ನು ನಿವಾರಿಸಲೆಂದೇ ಬಂದ ತಿದ್ದುಪಡಿಯಿಂದ ಆ ಪರಿಣಾಮವೇ ಬದಲಾಗದೆ ಉಳಿಯಿತೆಂದರೆ, ಶಾಸನದ ಇಂಗಿತಕ್ಕೆ ಸಿಕ್ಕ ತೂಕ ತೀರಾ ಕಡಿಮೆ.

ಖರೀದಿದಾರರ ಸಂಕಟ ಸುಳ್ಳಲ್ಲ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಪೂರ್ಣಗೊಂಡದ್ದೂ 1979ರಲ್ಲೇ. ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ನಾಲೆಯ ನೀರು ಹರಿದಲ್ಲಿ ಹೊಲ ಗದ್ದೆಯಾಯಿತು, ತೋಟವಾಯಿತು. ಕೊಂಡವರಲ್ಲಿ ಸಣ್ಣ ರೈತರೂ ಇದ್ದಾರೆ, ಕೊಂಡವರಿಂದ ಮತ್ತೆ ಕೊಂಡವರೂ ಇದ್ದಾರೆ. ಕಾಲು ಶತಮಾನ ಬೆವರು ಸುರಿಸಿದ ಮೇಲೆ ನೋಟಿಸು ಬಂದರೆ ಅವರ ಬದುಕು ಅಲುಗಾಡುತ್ತದೆ. ಸಮತಾನ್ಯಾಯ ಈ ಕಡೆಗೂ ನೋಡಬೇಕಾದದ್ದೇ.

ಆದರೆ ವಿಳಂಬ ಯಾರದ್ದೆಂಬ ಪ್ರಶ್ನೆಯನ್ನು ತೀರ್ಪುಗಳು ಸಾಕಷ್ಟು ಕೇಳಿಲ್ಲ. ‘ತಾನಾಗಿಯೇ’ ವಿಚಾರಣೆ ನಡೆಸುವ ಅಧಿಕಾರ ಉಪವಿಭಾಗಾಧಿಕಾರಿಗೆ 1979ರಿಂದಲೂ ಇದೆ. ಅನುಮತಿಯಿಲ್ಲದ ವರ್ಗಾವಣೆಯ ಪತ್ರವನ್ನು ನೋಂದಾಯಿಸಕೂಡದೆಂದು 6ನೇ ಪ್ರಕರಣ ಹೇಳುತ್ತದೆ. ಮಂಜೂರಾತಿ ಕಡತ ತಾಲ್ಲೂಕು ಕಚೇರಿಯದು, ಪಹಣಿ ಬರೆಯುವ ಕೈಯೂ ಸರ್ಕಾರದ್ದು. ತಾತನ ಸಾಗುವಳಿ ಚೀಟಿ ಎಲ್ಲಿದೆಯೆಂದೇ ತಿಳಿಯದ ಮೊಮ್ಮಗಳ ಮೌನವನ್ನು ವರ್ಷಗಳಲ್ಲಿ ಎಣಿಸುವ ನ್ಯಾಯಾಲಯ, ದಾಖಲೆಗಳನ್ನೆಲ್ಲ ಇಟ್ಟುಕೊಂಡಿದ್ದ ರಾಜ್ಯದ ಮೌನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ವಿಳಂಬ ಸಂಗತಿಗಳನ್ನು ಅವಲಂಬಿಸಿದ ಪ್ರಶ್ನೆಯೆಂದು ಗೌರಮ್ಮ ತೀರ್ಪಿನ ತರ್ಕವೇ ಒಪ್ಪುವುದರಿಂದ ಈ ಸಂಗತಿಯನ್ನೂ ಪರಿಗಣಿಸಲು ಅಲ್ಲಿ ಅವಕಾಶವಿದೆ. ಮಂಜೂರಾತಿ ವಹಿ, ನೋಂದಣಿಯ ದಿನಾಂಕ, ಪಹಣಿಯ ಬದಲಾವಣೆ, ಈ ಮೂರನ್ನೂ ಕಡತದಲ್ಲಿ ಸೇರಿಸಿ, ಸರ್ಕಾರಕ್ಕೆ ವರ್ಗಾವಣೆ ಯಾವಾಗ ತಿಳಿಯಿತೆಂಬುದನ್ನು ವಿಚಾರಣೆಯ ಮೊದಲ ಹಂತದಲ್ಲೇ ದಾಖಲಿಸುವಂತೆ ಮಾಡುವುದು ಉಪವಿಭಾಗಾಧಿಕಾರಿಗಳ ಮತ್ತು ಇಂಥ ಪ್ರಕರಣ ನಡೆಸುವ ವಕೀಲರ ಕರ್ತವ್ಯ.