ನೂರರಲ್ಲಿ ಎಪ್ಪತ್ತು

‘ಪಾಲಿಗೆ ಬಂದದ್ದು ಪಂಚಾಮೃತ’ ಎಂಬ ಗಾದೆಯನ್ನು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಹೇಳಿದಷ್ಟು ಗಂಡುಮಕ್ಕಳಿಗೆ ಹೇಳಿದ್ದನ್ನು ನಾನು ಕೇಳಿಲ್ಲ. ತಾಟಿಗೆ ಬಿದ್ದ ರೊಟ್ಟಿಯಿಂದ ಹಿಡಿದು ಕಟ್ಟಿಕೊಂಡ ಗಂಡನವರೆಗೆ ಎಲ್ಲಕ್ಕೂ ನಮಗೆ ಅದೊಂದೇ ಮಾತು. ಗಂಡಸರು ಮಾತ್ರ ತಮ್ಮ ಪಾಲಿಗೆ ಬಂದದ್ದನ್ನು ಅಳೆದು ನೋಡುತ್ತಾರೆ. ನಮ್ಮ ಮಾದನಹಿಪ್ಪರಗಾದ ಕಡೆ ರಾಶಿಯ ದಿನ ಕಣದಲ್ಲಿ ನಿಂತು ನೋಡಿ. ಹೊಲದ ಧಣಿ, ಪಾಲಿಗೆ ಹೊಲ ಮಾಡಿದವನು ಇಬ್ಬರೂ ಎದುರುಬದುರು ನಿಂತು ತೊಗರಿಯ ಚೀಲ ಎಣಿಸುತ್ತಾರೆ. ಬೀಜ ಯಾರದು, ಗೊಬ್ಬರ ಯಾರದು, ಕಳೆ ತೆಗೆಸಿದ ಕೂಲಿ ಯಾರ ಕೈಯಿಂದ ಹೋಯಿತು ಎಂದು ಬಾಯಿಲೆಕ್ಕದಲ್ಲೇ ಜಗಳವಾಡಿ, ಬೀಡಿ ಸೇದಿ, ರಾಜಿಯಾಗಿ ಏಳುತ್ತಾರೆ. ದಿನವಿಡೀ ಬಗ್ಗಿ ಕಳೆ ತೆಗೆದ ಹೆಂಗಸು ಬದುವಿನ ಮೇಲೆ ಕೂತು ಬುತ್ತಿಗಂಟು ಬಿಚ್ಚುತ್ತಿರುತ್ತಾಳೆ. ಆಕೆಯನ್ನು ಯಾರೂ ಏನೂ ಕೇಳುವುದಿಲ್ಲ.

ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಎಂದು ಕರ್ನಾಟಕದ ಕಾನೂನು 1994ರಲ್ಲಿ ಹೇಳಿತು. ಇಡೀ ದೇಶಕ್ಕೆ ಆ ಮಾತು ಬಂದದ್ದು 2005ರಲ್ಲಿ. ಹೊಲಮನೆಯ ಪಾಲಿನ ಬಗ್ಗೆ ಬರೆದವರು ಬಹಳ ಮಂದಿ. ನಾನಿಲ್ಲಿ ಹೇಳಹೊರಟಿರುವುದು ವ್ಯಾಪಾರದ ಪಾಲಿನ ಬಗ್ಗೆ, ಅದರಲ್ಲೂ ಪಾಲುದಾರ ಕಡಲಾಚೆಯವನಾಗಿದ್ದಾಗ ಏನಾಗುತ್ತದೆ ಎಂಬುದರ ಬಗ್ಗೆ. ಇದಕ್ಕೆ ಬೆಂಗಳೂರಿನ ಬಯೋಕಾನ್ ಕಂಪನಿ ಹುಟ್ಟಿದ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಆ ಕಂಪನಿ ಇಂದು ಎಷ್ಟು ದೊಡ್ಡದು ಎಂಬುದು ಎಲ್ಲರಿಗೂ ಗೊತ್ತು. ನನಗೆ ಬೇಕಾದದ್ದು ಅದು ಚಿಕ್ಕದಾಗಿದ್ದ ಕಾಲ.

ಕಿರಣ್ ಮಜುಂದಾರ್ ಹುಟ್ಟಿದ್ದು 1953ರಲ್ಲಿ, ಬೆಂಗಳೂರಿನಲ್ಲಿ. ತಂದೆ ರಸೇಂದ್ರ ಮಜುಂದಾರ್ ಯುನೈಟೆಡ್ ಬ್ರೂವರೀಸ್‌ನಲ್ಲಿ ಬಿಯರ್ ತಯಾರಿಕೆಯ ಮುಖ್ಯಸ್ಥರು. ಮಗಳಿಗೆ ಡಾಕ್ಟರಾಗುವ ಆಸೆ. ಅದು ಕೈಗೂಡಲಿಲ್ಲ. ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿ 1973ರಲ್ಲಿ ಪದವಿ ಪಡೆದಳು. ನನ್ನ ವಿದ್ಯೆಯನ್ನೇ ನೀನೂ ಯಾಕೆ ಕಲಿಯಬಾರದು ಎಂದರು ತಂದೆ. ಆಸ್ಟ್ರೇಲಿಯಾಕ್ಕೆ ಹೋದಳು. ಆ ತರಗತಿಗೆಲ್ಲ ಅವಳೊಬ್ಬಳೇ ಹುಡುಗಿ, ಮೊದಲ ಸ್ಥಾನವೂ ಅವಳದೇ. 1975ರಲ್ಲಿ ಮಾಸ್ಟರ್ ಬ್ರೂವರ್ ಆಗಿ ಹೊರಬಂದಳು. ಊರಿಗೆ ಬಂದು ಕೆಲಸ ಕೇಳಿದರೆ, ಇದು ಗಂಡಸರ ಕೆಲಸ ಎಂಬ ಉತ್ತರ. ಪದವಿಯ ಪತ್ರ ಪೆಟ್ಟಿಗೆಯಲ್ಲೇ ಉಳಿಯಿತು. ಓದಿ ಮನೆಯಲ್ಲಿ ಕೂತ ನಮ್ಮೂರುಗಳ ಹುಡುಗಿಯರಿಗೆ ಈ ಭಾಗವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ದೂರದ ಸ್ಕಾಟ್ಲೆಂಡಿನಲ್ಲಿ ಒಂದು ಕೆಲಸ ಸಿಕ್ಕಿತು. ಹೊರಡುವ ತಯಾರಿಯಲ್ಲಿದ್ದಾಗ ಲೆಸ್ಲಿ ಆಕಿನ್‌ಕ್ಲಾಸ್ ಎಂಬಾತ ಭೇಟಿಯಾದ. ಐರ್ಲೆಂಡಿನ ಕಾರ್ಕ್ ಎಂಬ ಊರಲ್ಲಿ ಬಯೋಕಾನ್ ಬಯೋಕೆಮಿಕಲ್ಸ್ ಎಂಬ ಕಂಪನಿ ನಡೆಸುತ್ತಿದ್ದವನು ಆತ. ಭಾರತದಲ್ಲಿ ತನ್ನ ಜೊತೆ ಸೇರಿ ಒಂದು ಕಂಪನಿ ತೆರೆಯಬಲ್ಲ ಭಾರತೀಯರನ್ನು ಹುಡುಕುತ್ತಿದ್ದ. ಕಿರಣ್ ಒಪ್ಪಿದಳು, ಆದರೆ ಸುಮ್ಮನೆ ಒಪ್ಪಲಿಲ್ಲ. ಆರು ತಿಂಗಳಾದ ಮೇಲೆ ತನಗೆ ಇದು ಬೇಡವೆನಿಸಿದರೆ, ಈಗ ಬಿಟ್ಟುಕೊಡುತ್ತಿರುವ ಕೆಲಸಕ್ಕೆ ಸಮನಾದ ಇನ್ನೊಂದು ಕೆಲಸವನ್ನು ಕೊಡಿಸಬೇಕು ಎಂದು ಕರಾರು ಹಾಕಿದಳು. ಈ ಒಂದು ಕರಾರನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಇಪ್ಪತ್ತೈದರ ಹುಡುಗಿ, ಕೈಯಲ್ಲಿ ಕಾಸಿಲ್ಲ, ಎದುರಿಗೆ ಕೂತವನು ಒಂದು ಕಂಪನಿಯ ಒಡೆಯ. ಆದರೂ ಒಳಗೆ ಹೋಗುವ ಮುಂಚೆಯೇ ಹೊರಬರುವ ಬಾಗಿಲು ಎಲ್ಲಿದೆ ಎಂದು ನೋಡಿಕೊಂಡಳು. ಬೀಗರ ಮನೆಗೆ ಮಗಳನ್ನು ಕೊಡುವಾಗ ನಾವು ಇಷ್ಟನ್ನೂ ಕೇಳುವುದಿಲ್ಲ.

ಬಿಯರ್ ಎಂದೊಡನೆ ಮೂಗು ಮುರಿಯಬೇಡಿ. ಇವರು ಮಾಡಹೊರಟದ್ದು ಬಿಯರನ್ನಲ್ಲ, ಕಿಣ್ವಗಳನ್ನು. ಹಾಲು ಮೊಸರಾಗುವುದನ್ನೂ ಹಿಟ್ಟು ಹುಳಿಬರುವುದನ್ನೂ ದಿನವೂ ನೋಡುವ ನಮಗೆ ಕಿಣ್ವದ ಕೆಲಸ ಹೊಸದಲ್ಲ, ಹೆಸರು ಮಾತ್ರ ಹೊಸದು. ಕಲಬುರಗಿ ಸೀಮೆಯಲ್ಲಿ ಕಬಾಬು ಮಾಡುವವರು ಮಾಂಸಕ್ಕೆ ಕಾಯಿ ಪಪ್ಪಾಯಿ ಅರೆದು ಹಚ್ಚಿಡುತ್ತಾರಲ್ಲ, ಆ ಮಾಂಸವನ್ನು ಮೆತ್ತಗೆ ಮಾಡುವುದು ಪಪ್ಪಾಯಿಯ ಹಾಲಿನಲ್ಲಿರುವ ಪಪೈನ್ ಎಂಬ ಕಿಣ್ವ. ಕಾಯಿಯ ಮೈಗೆ ಗೀರು ಹಾಕಿ, ತೊಟ್ಟಿಕ್ಕುವ ಹಾಲು ಹಿಡಿದು, ಒಣಗಿಸಿ ಪುಡಿ ಮಾಡಿದರೆ ಅದಕ್ಕೆ ಪರದೇಶದಲ್ಲಿ ಗಿರಾಕಿಗಳು. ಇನ್ನೊಂದು ಪದಾರ್ಥ ಐಸಿಂಗ್ಲಾಸ್. ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದಿಂದ ತೆಗೆಯುವ ಇದು ಬಿಯರನ್ನು ತಿಳಿಗೊಳಿಸುತ್ತದೆ. ಪಪ್ಪಾಯಿ ನಮ್ಮ ಹಿತ್ತಲಿನದು, ಮೀನು ನಮ್ಮ ನೀರಿನದು. ಐರ್ಲೆಂಡಿನವನಿಗೆ ನಮ್ಮ ದೇಶ ಯಾಕೆ ಬೇಕಾಗಿತ್ತು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. 1973ರಲ್ಲಿ ವಿದೇಶಿ ವಿನಿಮಯ ನಿಯಂತ್ರಣ ಕಾನೂನು ಬಂದಿತ್ತು. ಇಲ್ಲಿ ವ್ಯಾಪಾರ ಮಾಡುವ ಕಂಪನಿಯಲ್ಲಿ ವಿದೇಶಿಯರ ಪಾಲು ಸಾಮಾನ್ಯವಾಗಿ ನೂರಕ್ಕೆ 40ನ್ನು ಮೀರಬಾರದು ಎಂಬುದು ಅದರ ಕಟ್ಟಳೆ. ಕೋಕಾಕೋಲಾ ಇದಕ್ಕೆ ಒಪ್ಪದೆ 1977ರಲ್ಲಿ ಗಂಟುಮೂಟೆ ಕಟ್ಟಿತು, ಅದರ ಬೆನ್ನಿಗೆ ಐಬಿಎಂ ಕೂಡ ಹೋಯಿತು. ಅಂಥ ಹೊತ್ತಿನಲ್ಲಿ, 1978ರಲ್ಲಿ, ಬಯೋಕಾನ್ ಇಂಡಿಯಾ ಹುಟ್ಟಿತು. ಐರ್ಲೆಂಡಿನವರ ಪಾಲು ನೂರಕ್ಕೆ 30, ಕಿರಣ್ ಪಾಲು ನೂರಕ್ಕೆ 70. ದಿಲ್ಲಿಯಲ್ಲಿ ಕೂತು ಆ ಕಾನೂನು ಬರೆದವರ ಮನಸ್ಸಿನಲ್ಲಿ ಯಾವ ಹೆಣ್ಣುಮಗಳೂ ಇರಲಿಲ್ಲ, ಇದ್ದದ್ದು ದೊಡ್ಡ ದೊಡ್ಡ ಪರದೇಶಿ ಕಂಪನಿಗಳು. ಆದರೆ ಆ ಕಾನೂನು ಇರದೆ ಹೋಗಿದ್ದರೆ ಆಕೆ ಐರಿಷ್ ಕಂಪನಿಯ ಬೆಂಗಳೂರು ಶಾಖೆಯ ಮ್ಯಾನೇಜರಾಗಿ ಉಳಿಯುವ ಸಾಧ್ಯತೆಯೇ ಹೆಚ್ಚು ಎಂದು ನನ್ನ ಅಂದಾಜು. ಸಂಬಳ ಬರುತ್ತಿತ್ತು, ಒಡೆತನ ಬರುತ್ತಿರಲಿಲ್ಲ.

ಬಂಡವಾಳ 10,000 ರೂಪಾಯಿ. ಜಾಗ, ಬಾಡಿಗೆ ಮನೆಯ ಗ್ಯಾರೇಜು. ಬ್ಯಾಂಕಿಗೆ ಹೋದರೆ ಸಾಲವಿಲ್ಲ. ವಯಸ್ಸು ಚಿಕ್ಕದು, ಹೆಣ್ಣು, ಮೇಲಾಗಿ ಕಿಣ್ವ ಎಂದರೇನೆಂದು ಕೌಂಟರಿನ ಆಚೆ ಕೂತವರಿಗೆ ತಿಳಿಯದು. ನಿಮ್ಮ ತಂದೆ ಜಾಮೀನು ನಿಲ್ಲುತ್ತಾರೇನು ಎಂದು ಕೇಳಿದವರೂ ಉಂಟು. ಕಾಗದದ ಮೇಲೆ ಕಂಪನಿಯ ನೂರಕ್ಕೆ ಎಪ್ಪತ್ತರ ಒಡತಿ ಎದುರಿಗೇ ಕೂತಿದ್ದರೂ ಅವರಿಗೆ ಬೇಕಾದದ್ದು ಅಪ್ಪನ ಸಹಿ! ಕೊನೆಗೆ ಯಾವುದೋ ಸಮಾರಂಭದಲ್ಲಿ ಪರಿಚಯವಾದ ಬ್ಯಾಂಕಿನವರೊಬ್ಬರು ನಂಬಿ ಸಾಲ ಕೊಡಿಸಿದರು. ಕೆಲಸಕ್ಕೂ ಜನ ಬರಲೊಲ್ಲರು. ಹೆಂಗಸಿನ ಕೈಕೆಳಗೆ, ಅದೂ ಗ್ಯಾರೇಜಿನಲ್ಲಿ, ಯಾರು ದುಡಿದಾರು? ಮೊದಲ ನೌಕರನಾಗಿ ಬಂದದ್ದು ನಿವೃತ್ತನಾಗಿದ್ದ ಒಬ್ಬ ಮೆಕ್ಯಾನಿಕ್. ಹತ್ತಿರದಲ್ಲೇ 3,000 ಚದರಡಿಯ ಒಂದು ಶೆಡ್ಡು ಮೊದಲ ಕಾರ್ಖಾನೆಯಾಯಿತು. ವಿದ್ಯುತ್ತು ಹೇಳದೆ ಹೋಗುತ್ತಿತ್ತು, ಶುದ್ಧ ನೀರಿಗೂ ಪರದಾಟ.

ಇದೆಲ್ಲ ದೊಡ್ಡವರ ಕಥೆ, ನಮಗೇನು ಎಂದು ನೀವು ಕೇಳಬಹುದು. ಕೇಳಲೇಬೇಕು. ಆಕೆ ಬಡವರ ಮಗಳಲ್ಲ, ಇಂಗ್ಲಿಷು ಬಲ್ಲವಳು, ಬೆಂಗಳೂರಿನವಳು. ನಮಗೋ ಬೆಂಗಳೂರು ಒಂದು ಇಡೀ ರಾತ್ರಿಯ ಬಸ್ಸಿನ ದಾರಿ, ಅದಕ್ಕಿಂತ ಸೊಲ್ಲಾಪುರ ಹತ್ತಿರ. ಆದರೆ ನಮ್ಮ ಓಣಿಯಲ್ಲೇ ನಡೆದ ಒಂದು ಸಂಗತಿ ಕೇಳಿ. ಇಬ್ಬರು ನೆಗೆಣ್ಣಿಯರು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುತ್ತಿದ್ದರು. ಎಳ್ಳ ಅಮಾವಾಸ್ಯೆ ಬಂತೆಂದರೆ ಅವರ ಒಲೆ ಆರುತ್ತಿರಲಿಲ್ಲ. ಪರಊರಿನ ವ್ಯಾಪಾರಿಯೊಬ್ಬ ಬಂದು, “ಅಕ್ಕಾರ, ನೀವು ಮಾಡ್ರಿ, ನಾ ಮಾರ್ತೀನಿ. ಬಂದ ಲಾಭದಾಗ ಅರ್ಧ ನಿಮ್ದು, ಅರ್ಧ ನಂದು” ಎಂದ. ಜೋಳ, ಶೇಂಗಾ ತಂದುಹಾಕಿದ, ಚೆಂದದ ಪೊಟ್ಟಣಕ್ಕೆ ಹೆಸರೂ ಹಾಕಿಸಿದ. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಮೂರನೆಯ ವರ್ಷ ಆತ ಬೇರೆ ಕಡೆ ಕಡಿಮೆ ಕೂಲಿಗೆ ರೊಟ್ಟಿ ಮಾಡಿಸತೊಡಗಿದ. ಪೊಟ್ಟಣದ ಮೇಲಿನ ಹೆಸರು ಅವನದು, ಗಿರಾಕಿಗಳು ಅವನವರು, ಲೆಕ್ಕದ ವಹಿ ಅವನ ಪೆಟ್ಟಿಗೆಯಲ್ಲಿ. “ನಾವು ಪಾಲುದಾರರಲ್ಲೇನೋ ಯಪ್ಪಾ?” ಎಂದು ಹಿರಿಯಾಕೆ ಕೇಳಿದರೆ, “ಪಾಲು ಎಲ್ಲೈತ್ರೀ ಅಕ್ಕಾರ? ನಿಮಗ ಕೂಲಿ ಮುಟ್ಟೇದಲ್ಲ” ಎಂದನಂತೆ. ಎರಡು ವರ್ಷ ಕೈಗೆ ಬಂದ ದುಡ್ಡು ಲಾಭದ ಪಾಲೋ ಕೂಲಿಯೋ ಎಂಬುದಕ್ಕೆ ಒಂದು ಚೀಟಿಯೂ ಅವರ ಬಳಿ ಇರಲಿಲ್ಲ.

1932ರ ಪಾಲುದಾರಿಕೆ ಕಾನೂನು ಇಂದಿಗೂ ನಡೆಯುತ್ತಿದೆ. ಅದರ ಪ್ರಕಾರ ಪಾಲು ಇಷ್ಟಿಷ್ಟೆಂದು ಮಾತಾಗಿರದಿದ್ದರೆ ಎಲ್ಲರಿಗೂ ಸಮಪಾಲು. ಕೇಳಲು ಎಷ್ಟು ಹಿತ! ಆದರೆ ಪಾಲುದಾರಿಕೆ ನೋಂದಣಿಯಾಗಿರದಿದ್ದರೆ ಕರಾರಿನ ಹಕ್ಕಿಗಾಗಿ ಇನ್ನೊಬ್ಬ ಪಾಲುದಾರನ ಮೇಲೆ ದಾವೆ ಹೂಡಲು ಬರುವುದಿಲ್ಲ ಎಂದೂ ಅದೇ ಕಾನೂನು ಹೇಳುತ್ತದೆ. ಇನ್ನೂ ಒಂದು ಮಾತಿದೆ. ಅಂಗಡಿಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಹೊಣೆ. ಲಾಭದಲ್ಲಿ ನಾಲ್ಕಾಣೆ ಪಾಲಿದ್ದವಳು ಸಾಲದಲ್ಲಿ ಹದಿನಾರಾಣೆ ತೆರಬೇಕಾಗಿ ಬಂದೀತು. ಸಹಿ ಹಾಕುವುದೆಂದರೆ ಗಂಡ ತೋರಿಸಿದ ಕಡೆ ಹೆಸರು ಬರೆಯುವುದು ಎಂದುಕೊಂಡಿರುವ ನಮಗೆ ಈ ಮೂರು ಮಾತು ಗೊತ್ತಿರಬೇಕು.

ಬಯೋಕಾನ್ ಕಥೆಯಲ್ಲಿ ಕಾಗದ ಗಟ್ಟಿಯಾಗಿತ್ತು. ಆದರೆ ಬರೀ ಕಾಗದದಿಂದ ಎಲ್ಲವೂ ಆಗಲಿಲ್ಲ. ಮೊದಲಲ್ಲಿ ತಯಾರಿಕೆಯ ಗುಟ್ಟು, ಕೊಳ್ಳುವವರ ಗುರುತು ಎರಡೂ ಐರ್ಲೆಂಡಿನವರ ಕೈಯಲ್ಲಿದ್ದವು. ಎಪ್ಪತ್ತು ಪಾಲಿನ ಒಡತಿ ಮೂವತ್ತು ಪಾಲಿನವನ ಮುಖ ನೋಡಬೇಕಾದ ಸ್ಥಿತಿ. ವರ್ಷದೊಳಗೇ ಅಮೆರಿಕ, ಯೂರೋಪುಗಳಿಗೆ ಕಿಣ್ವ ಕಳಿಸಿದ್ದಾಯಿತು. ಬಂದ ಗಳಿಕೆಯಲ್ಲಿ ಕಿರಣ್ 20 ಎಕರೆ ಜಮೀನು ಕೊಂಡಳು. 1984ರ ಹೊತ್ತಿಗೆ ಸ್ವಂತ ಸಂಶೋಧನೆಗೆ ಕೈಹಾಕಿದಳು. 1987ರಲ್ಲಿ ಐಸಿಐಸಿಐನ ನಾರಾಯಣನ್ ವಘುಲ್ ಬಂಡವಾಳದ ನೆರವಿಗೆ ನಿಂತರು, ಹೊಸ ಬಗೆಯ ಕಿಣ್ವಗಳನ್ನು ಬೆಳೆಸುವ ವಿಧಾನ ಕೈಗೆ ಬಂತು. ಪಪ್ಪಾಯಿಯ ಹಾಲಿಗೇ ಜೋತುಬಿದ್ದು ಕೂತಿದ್ದರೆ ನಮ್ಮ ನೆಗೆಣ್ಣಿಯರ ಹಾಗೆ ಆಕೆಯೂ ಹಿಟ್ಟು ನಾದುವವಳಾಗಿಯೇ ಉಳಿಯುತ್ತಿದ್ದಳೇನೋ.

ಪಾಲಿನ ನಿಜವಾದ ಪರೀಕ್ಷೆ ಬಂದದ್ದು 1989ರಲ್ಲಿ. ಆಕಿನ್‌ಕ್ಲಾಸ್ ತನ್ನ ಐರಿಷ್ ಕಂಪನಿಯನ್ನು ಯೂನಿಲಿವರಿಗೆ ಮಾರಿದ. ನಾವು ದಿನವೂ ಉಜ್ಜುವ ಸೋಪಿನ ಹಿಂದಿರುವ ಅದೇ ಮಹಾ ಕಂಪನಿ. ನಿನ್ನೆಯವರೆಗೆ ಹೆಸರು ಹಿಡಿದು ಮಾತಾಡಿಸುತ್ತಿದ್ದ ಒಬ್ಬ ಮನುಷ್ಯ ಪಾಲುದಾರ, ಬೆಳಗಾದರೆ ಪಾಲುದಾರನಾಗಿ ಒಂದು ಸಾಮ್ರಾಜ್ಯ! 1997ರಲ್ಲಿ ಇನ್ನೊಮ್ಮೆ ಹಾಗೇ ಆಯಿತು. ಯೂನಿಲಿವರ್ ತನ್ನ ರಾಸಾಯನಿಕ ವಿಭಾಗವನ್ನು ಬ್ರಿಟನ್ನಿನ ಐಸಿಐ ಕಂಪನಿಗೆ ಮಾರಿದಾಗ ಬಯೋಕಾನಿನ ಪಾಲೂ ಅದರ ಜೊತೆ ಕೈಬದಲಾಯಿತು. ದನ ಮಾರಿದಾಗ ಕೊರಳ ಗಂಟೆಯೂ ಹೋದ ಹಾಗೆ. ಇಂಥ ಹೊತ್ತಿನಲ್ಲಿ ಕಡಿಮೆ ಪಾಲಿನವಳಾಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಹೊಸ ಧಣಿ ಬಂದು ಹಳೆಯ ಲೆಕ್ಕ ಚುಕ್ತಾ ಮಾಡಿ ಕಳಿಸಬಹುದಿತ್ತು. ಒಡೆತನ ಕಿರಣ್ ಕಡೆ ಇದ್ದುದರಿಂದ ಆಚೆಯವರು ಬದಲಾದರೂ ಕಂಪನಿಯ ಚುಕ್ಕಾಣಿ ಬದಲಾಗಲಿಲ್ಲ.

1998ರಲ್ಲಿ ಆ ಪಾಲೂ ಮನೆಗೆ ಬಂತು. ಬೆಂಗಳೂರಿನಲ್ಲಿ ಮಧುರಾ ಕೋಟ್ಸ್ ಕಂಪನಿಯ ಅಧ್ಯಕ್ಷರಾಗಿದ್ದ ಸ್ಕಾಟ್ಲೆಂಡಿನ ಜಾನ್ ಶಾ 20 ಲಕ್ಷ ಡಾಲರ್, ಅಂದರೆ ಆಗಿನ ಸುಮಾರು ಎಂಟು ಕೋಟಿ ರೂಪಾಯಿ ಹೊಂದಿಸಿ ಐಸಿಐ ಕೈಯಲ್ಲಿದ್ದ ಷೇರುಗಳನ್ನು ಕೊಂಡರು. ಅದೇ ವರ್ಷ ಇಬ್ಬರ ಮದುವೆಯೂ ಆಯಿತು. ಕೆಲಸ ಬಿಟ್ಟು ಅವರು ಹೆಂಡತಿಯ ಕಂಪನಿಗೇ ಬಂದು ಸೇರಿದರು, 2022ರಲ್ಲಿ ತೀರಿಕೊಂಡರು. ಹೀಗೆ ಕಡಲಾಚೆಯವರೊಬ್ಬರು ಮತ್ತೆ ಪಾಲಿಗೆ ಬಂದರು, ಈ ಸಲ ಮನೆಯವರಾಗಿ. 2004ರಲ್ಲಿ ಕಂಪನಿಯ ಷೇರುಗಳು ಪೇಟೆಗೆ ಬಂದಾಗ ಕೊಳ್ಳಲು ಬಂದ ಬೇಡಿಕೆ ಮಾರಾಟಕ್ಕಿಟ್ಟದ್ದರ ಮೂವತ್ತು ಪಟ್ಟಿಗೂ ಹೆಚ್ಚು. 2007ರಲ್ಲಿ ಕಿಣ್ವದ ವ್ಯಾಪಾರವನ್ನೇ ಡೆನ್ಮಾರ್ಕಿನ ನೋವೋಜೈಮ್ಸ್‌ಗೆ ಮಾರಿ ಬಯೋಕಾನ್ ಔಷಧಗಳ ಕಡೆ ತಿರುಗಿತು. ಅದನ್ನು ಮಾರುವ ಹಕ್ಕೂ ಒಡೆಯರದೇ ಅಲ್ಲವೇ?

ಕಾಲ ಬದಲಾಗಿದೆ. 1973ರ ಕಾನೂನಿನ ಜಾಗಕ್ಕೆ 1999ರ ಕಾನೂನು ಬಂದು 2000ದಿಂದ ಜಾರಿಯಲ್ಲಿದೆ. ಹೆಚ್ಚಿನ ಉದ್ಯಮಗಳಲ್ಲಿ ವಿದೇಶಿಯರು ಈಗ ನೂರಕ್ಕೆ ನೂರು ಪಾಲನ್ನೂ ಇಟ್ಟುಕೊಳ್ಳಬಹುದು. ಪರದೇಶದ ಗೆಳತಿಯ ಜೊತೆ ಸೇರಿ ಕೌದಿಯದೋ ರೊಟ್ಟಿಯದೋ ಚಿಕ್ಕ ಕಂಪನಿ ಮಾಡಬೇಕೆಂದರೆ ಖಾಸಗಿ ಕಂಪನಿಗೆ ಇಬ್ಬರು ಸದಸ್ಯರು ಸಾಕು. ನಿರ್ದೇಶಕರಲ್ಲಿ ಒಬ್ಬರಾದರೂ ವರ್ಷಕ್ಕೆ 182 ದಿನ ಭಾರತದಲ್ಲಿರುವವರಾಗಬೇಕು. ಹೊರಗಿನ ಹಣಕ್ಕೆ ಷೇರು ಕೊಟ್ಟ 30 ದಿನದೊಳಗೆ ರಿಸರ್ವ್ ಬ್ಯಾಂಕಿಗೆ ವರದಿ ಮಾಡಬೇಕು. ಇದನ್ನೆಲ್ಲ ಲೆಕ್ಕಿಗರು ಮಾಡಿಕೊಡುತ್ತಾರೆ. ಆದರೆ ಎಪ್ಪತ್ತು ಪಾಲನ್ನು ಹೆಣ್ಣುಮಗಳ ಹೆಸರಿಗೆ ತಾನಾಗಿ ತಂದುಕೊಟ್ಟ ಆ ಹಳೆಯ ಕಟ್ಟಳೆ ಈಗಿಲ್ಲ. ಈಗ ಎಪ್ಪತ್ತು ಬೇಕೆಂದರೆ ಬಾಯಿಬಿಟ್ಟು ಕೇಳಬೇಕು.

ಕೇಳಲು ನಾಚಿಕೆ ಬೇಡ. ಪಾಲು ಎಷ್ಟು, ಅದು ಯಾರ ಹೆಸರಿನಲ್ಲಿದೆ, ಪೊಟ್ಟಣದ ಮೇಲಿನ ಹೆಸರು ಯಾರದು, ಲೆಕ್ಕದ ವಹಿ ಯಾರ ಬಳಿ ಇರುತ್ತದೆ, ಆತ ತನ್ನ ಪಾಲು ಮಾರುವುದಾದರೆ ಮೊದಲು ನನ್ನನ್ನು ಕೇಳುತ್ತಾನೋ ಇಲ್ಲವೋ, ನಾನು ಹೊರಬರಬೇಕೆಂದರೆ ಬಾಗಿಲು ಎಲ್ಲಿದೆ. ಇಷ್ಟನ್ನು ಕೇಳಿದ ಮಾತ್ರಕ್ಕೆ ನಂಬಿಕೆ ಕೆಡುವುದಾದರೆ ಅಲ್ಲಿ ನಂಬಿಕೆ ಇರಲೇ ಇಲ್ಲ ಎಂದು ತಿಳಿಯಬೇಕು. ಪಾಲುದಾರ ಐರ್ಲೆಂಡಿನವನಿರಲಿ, ಪಕ್ಕದ ಊರಿನವನಿರಲಿ, ಒಂದೇ ಒಲೆಯ ಮೈದುನನೇ ಇರಲಿ, ಪ್ರಶ್ನೆಗಳು ಇವೇ. ಪಂಚಾಮೃತವನ್ನು ಕಣ್ಣಿಗೊತ್ತಿಕೊಂಡು ಕುಡಿಯೋಣ, ಬೇಡವೆನ್ನುವುದಿಲ್ಲ. ಆದರೆ ಬಟ್ಟಲಿಗೆ ಎಷ್ಟು ಬಿತ್ತು ಎಂದು ಮೊದಲು ನೋಡಿಕೊಳ್ಳೋಣ.