ಸ್ಲೈಡ್‌ಗಳಿಗೆ ಬೀಗ ಬಂದ ಕತೆ



ವಾರ್ಷಿಕೋತ್ಸವ ಬಂತೆಂದರೆ ನಮ್ಮಲ್ಲಿ ಯಾರಾದರೊಬ್ಬರು ರಾತ್ರಿಯಿಡೀ ಕುಳಿತು ಪವರ್‌ಪಾಯಿಂಟ್ ತಯಾರಿಸುತ್ತಾರೆ. ಆ ಫೈಲಿಗೆ ಪಾಸ್‌ವರ್ಡ್ ಹಾಕುವ ರೂಢಿ ಎಲ್ಲಿಂದ ಬಂತು?

1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳಬೇಕಿತ್ತು. ಒಬ್ಬರ ಫೈಲು ಇನ್ನೊಬ್ಬರಿಗೆ ಸಿಗದಿರಲೆಂದು ಫರ್ನಾಂಡೊ ಕೊರ್ಬಾಟೊ ಅವರ ತಂಡ ಪಾಸ್‌ವರ್ಡ್ ಜಾರಿಗೆ ತಂದಿತು. 1962ರಲ್ಲೇ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ಕಂಪ್ಯೂಟರಿನಲ್ಲಿ ಹೆಚ್ಚು ಸಮಯ ಬೇಕೆಂದು ಎಲ್ಲರ ಪಾಸ್‌ವರ್ಡ್ ಪಟ್ಟಿಯನ್ನೇ ಮುದ್ರಿಸಿಕೊಂಡರು. ಬೀಗ ಬಂದ ಬೆನ್ನಿಗೇ ಬೀಗ ತೆಗೆಯುವವರೂ ಬಂದರು!

1987ರಲ್ಲಿ ರಾಬರ್ಟ್ ಗ್ಯಾಸ್ಕಿನ್ಸ್, ಡೆನಿಸ್ ಆಸ್ಟಿನ್ ಮೊದಲಾದವರು ರೂಪಿಸಿದ ಪವರ್‌ಪಾಯಿಂಟ್ ಮಾರುಕಟ್ಟೆಗೆ ಬಂತು. ಆಗ ಅದರಲ್ಲಿ ತಯಾರಿಸಿದ್ದನ್ನು ಪಾರದರ್ಶಕ ಹಾಳೆಗಳ ಮೇಲೆ ಮುದ್ರಿಸಿ ಪ್ರೊಜೆಕ್ಟರ್ ಮೇಲೆ ಇಡುತ್ತಿದ್ದರು. ಹಾಳೆಗಳಿಗೆ ಕಪಾಟಿನ ಬೀಗವೇ ಸಾಕಿತ್ತು. ಸ್ಲೈಡ್‌ಗಳು ಇಮೇಲ್‌ನಲ್ಲಿ ಓಡಾಡತೊಡಗಿದ ಮೇಲೆ ಆ ಬೀಗ ಸಾಲಲಿಲ್ಲ. ವರ್ಡ್, ಎಕ್ಸೆಲ್‌ಗಳಿಗೆ ಮೊದಲೇ ಇದ್ದ ಪಾಸ್‌ವರ್ಡ್ ಸೌಲಭ್ಯ ಪವರ್‌ಪಾಯಿಂಟ್‌ಗೆ ಸಿಕ್ಕಿದ್ದು 2002ರ ಆವೃತ್ತಿಯಲ್ಲಿ.

ಆ ಕಾಲದ ಬೀಗಗಳು ಅಷ್ಟೇನೂ ಗಟ್ಟಿಯಾಗಿರಲಿಲ್ಲ. ಅಮೆರಿಕದ ರಫ್ತು ನಿಯಮಗಳಿಂದಾಗಿ ಆಫೀಸ್ 97ರಲ್ಲಿ 40 ಬಿಟ್‌ನ ಚಿಕ್ಕ ಕೀಲಿಯಷ್ಟೇ ಇತ್ತು. ಆಫೀಸ್ 2007ರಲ್ಲಿ 128 ಬಿಟ್‌ನ ಎಇಎಸ್ ಬಂತು. ಪ್ರತಿಯೊಂದು ಪಾಸ್‌ವರ್ಡ್ ಪರೀಕ್ಷಿಸಲೂ 50,000 ಸಲ ಲೆಕ್ಕ ಮಾಡಬೇಕಾದ್ದರಿಂದ, ಊಹಿಸಿ ಒಡೆಯುವುದು ಬಹಳ ನಿಧಾನವಾಯಿತು.

ಒಂದು ಮಾತು ನೆನಪಿಡಿ. ಪವರ್‌ಪಾಯಿಂಟ್‌ನಲ್ಲಿ ಎರಡು ಬಗೆಯ ಪಾಸ್‌ವರ್ಡ್‌ಗಳಿವೆ. ಫೈಲು ತೆರೆಯಲು ಹಾಕುವ ಪಾಸ್‌ವರ್ಡ್ ಒಳಗಿರುವುದನ್ನೆಲ್ಲ ಗೂಢಲಿಪಿಗೆ ತಿರುಗಿಸುತ್ತದೆ. ತಿದ್ದಲು ಹಾಕುವ ಪಾಸ್‌ವರ್ಡ್ ಮಾತ್ರವಿದ್ದರೆ ಯಾರು ಬೇಕಾದರೂ ತೆರೆದು ಓದಬಹುದು.

ಬೀಗ ಗಟ್ಟಿಯಾದಷ್ಟೂ ಕೀಲಿ ಕಳೆದುಕೊಳ್ಳುವ ಭಯವೂ ಹೆಚ್ಚು. ಇಂದು ಪಾಸ್‌ವರ್ಡ್ ಮರೆತರೆ ಮೈಕ್ರೋಸಾಫ್ಟ್ ಕೂಡ ಅದನ್ನು ಹುಡುಕಿಕೊಡಲಾರದು. ಹಿರಿಯರ ಹಳೆಯ ಫೋಟೋಗಳನ್ನು ಸೇರಿಸಿ ಫೈಲು ಮಾಡಿದವರು ಕೆಲಸಕ್ಕೆಂದು ಗಲ್ಫ್‌ಗೆ ಹೋಗಿ, ಪಾಸ್‌ವರ್ಡನ್ನೂ ಮರೆತರೆ ಆ ನೆನಪುಗಳೆಲ್ಲ ಒಳಗೇ ಉಳಿದುಬಿಡುತ್ತವೆ. ಹಾಗಾಗಿ ಬೀಗ ಹಾಕಿ, ಆದರೆ ಕೀಲಿಯನ್ನು ನಂಬಿಕಸ್ಥರೊಬ್ಬರ ಬಳಿಯೂ ಇಡಿ.