ಹಗೇವಿನ ಕಂದೀಲಿಗೆ ಸಿಗದ ಗಾಳಿ

ಇವತ್ತಿನ ಕಥೆಯನ್ನ ಜೇವರ್ಗಿ ತಾಲ್ಲೂಕಿನ ಅಂದೋಲಾದಿಂದ ಶುರು ಮಾಡೋಣ. ಈ ಕಡೆಯ ಹಳೇ ಮನೆ ನೋಡಿದವರಿಗೆ ಹಗೇವು ಗೊತ್ತಿರುತ್ತೆ. ನೆಲದೊಳಗೆ ತೋಡಿದ ಜೋಳದ ಕಣಜ, ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ. ಬಹಳ ದಿನ ಮುಚ್ಚಿಟ್ಟ ಹಗೇವು ತೆಗೆದ ಕೂಡಲೇ ಯಾರೂ ಒಳಗೆ ಇಳೀತಿರಲಿಲ್ಲ. ಬಾಯಿ ತೆರೆದುಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಕೆಳಗೆ ಬಿಡೋರು. ದೀಪ ಆರಿತೋ, "ಇನ್ನಾ ತಡೀರಿ, ಯಾರೂ ಇಳೀಬ್ಯಾಡ್ರಿ" ಅಂತ ಹಿರಿಯರು ಕೂಗೋರು. ಒಳಗೆ ಕಾಳು ಉಸಿರಾಡಿ ಆಮ್ಲಜನಕ ಮುಗಿಸಿ, ಇಂಗಾಲದ ಡೈಆಕ್ಸೈಡ್ ತುಂಬಿಟ್ಟಿರುತ್ತೆ. ಓದು ಬರಹ ಇಲ್ಲದವರೂ ನಂಬಿದ್ದ ಪಕ್ಕಾ ಪರೀಕ್ಷೆ ಅದು.

ಆದರೆ ಅದೇ ನೆಲದಿಂದ ಏಳುವ ಇನ್ನೊಂದು ಗಾಳಿ ಇದೆ. ಅದು ದೀಪ ಆರಿಸಲ್ಲ. ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮೂ ಬರಲ್ಲ. ಅದರ ಹೆಸರು ರೇಡಾನ್.

ಇದರ ಮೊದಲ ಸುಳಿವು ಸಿಕ್ಕಿದ್ದು ಗಣಿಗಳಲ್ಲಿ. 1556ರಲ್ಲಿ ಅಚ್ಚಾದ ಅಗ್ರಿಕೋಲಾನ ಗಣಿ ಪುಸ್ತಕದಲ್ಲಿ ಒಂದು ಮಾತು ಬರುತ್ತೆ: ಕಾರ್ಪೇಥಿಯನ್ ಗಣಿಗಳ ಕಡೆ ಏಳು ಗಂಡಂದಿರನ್ನು ಕಳೆದುಕೊಂಡ ಹೆಂಗಸರಿದ್ದಾರಂತೆ. ಎಲ್ಲರೂ ಎದೆರೋಗಕ್ಕೆ ಬಲಿ. ಅವನು ಧೂಳಿನ ಮೇಲೆ ತಪ್ಪು ಹೊರಿಸಿದ. ಅದೂ ಪೂರ್ತಿ ಸುಳ್ಳಲ್ಲ. 1879ರಲ್ಲಿ ಜರ್ಮನಿಯ ಶ್ನೀಬರ್ಗ್ ಗಣಿ ಕಾರ್ಮಿಕರ ಶವಪರೀಕ್ಷೆ ಮಾಡಿದ ಹಾರ್ಟಿಂಗ್ ಮತ್ತು ಹೆಸ್ಸೆ ಎಂಬ ವೈದ್ಯರು ಇದು ಶ್ವಾಸಕೋಶದ ಗೆಡ್ಡೆ ಅಂದರು. ಆ ಗಾಳಿ ಯಾವುದು ಅನ್ನೋದು ಆಗಿನ್ನೂ ಗೊತ್ತಿರಲಿಲ್ಲ. 1900ರಲ್ಲಿ ಫ್ರೆಡ್ರಿಕ್ ಡೋರ್ನ್, ರೇಡಿಯಂನಿಂದ ಒಂದು ಅನಿಲ ಹೊರಡುತ್ತೆ ಅಂತ ತೋರಿಸಿದ.

ಲೆಕ್ಕ ಸರಳ. ಕಲ್ಲಲ್ಲಿ, ಮಣ್ಣಲ್ಲಿ ಎಲ್ಲೆಲ್ಲೂ ಚೂರು ಯುರೇನಿಯಂ ಇರುತ್ತೆ. ಅದು ಕೋಟ್ಯಂತರ ವರ್ಷ ಕರಗುತ್ತಾ ರೇಡಿಯಂ ಆಗುತ್ತೆ, ರೇಡಿಯಂ ರೇಡಾನ್ ಆಗುತ್ತೆ. ರೇಡಾನ್ 3.8 ದಿನಕ್ಕೆ ಅರ್ಧ ಉಳಿಯುತ್ತೆ. ಅಷ್ಟರೊಳಗೆ ನೆಲದ ಬಿರುಕಿನಿಂದ ಮನೆಯೊಳಗೆ ಬಂದ್ರೆ ಸಾಕು. ಅದು ಒಡೆದಾಗ ಹುಟ್ಟುವ ಪೊಲೋನಿಯಂ ಕಣಗಳು ಧೂಳಿಗೆ ಅಂಟಿ ಶ್ವಾಸಕೋಶದಲ್ಲಿ ಕೂತುಬಿಡ್ತವೆ. ಶ್ವಾಸಕೋಶದ ಕ್ಯಾನ್ಸರ್‌ಗೆ ಧೂಮಪಾನ ಬಿಟ್ಟರೆ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಬೀಡಿ ಸೇದುವವರಿಗೆ ಅಪಾಯ ಇನ್ನೂ ಜಾಸ್ತಿ.

ಮನೆಯಲ್ಲೂ ಹೀಗಾಗಬಹುದು ಅಂತ ಜಗತ್ತು ಬೆಚ್ಚಿದ್ದು 1984ರ ಡಿಸೆಂಬರ್‌ನಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲಿಮರಿಕ್ ಅಣುಸ್ಥಾವರ ಇನ್ನೂ ಕಟ್ಟುತ್ತಾ ಇತ್ತು. ಸ್ಟಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ವಿಕಿರಣ ತಪಾಸಣಾ ಬಾಗಿಲು ದಾಟಿದರೆ ಅಲಾರಾಂ ಹೊಡ್ಕೊಳ್ತಿತ್ತು. ಒಂದು ದಿನ ಕೆಲಸಕ್ಕೆ ಒಳಗೆ ಬಂದವನೇ ನೇರ ಆ ಬಾಗಿಲಿಗೆ ಹೋದ. ಆಗಲೂ ಹೊಡೀತು! ಅಂದ್ರೆ ವಿಕಿರಣ ಸ್ಥಾವರದ್ದಲ್ಲ, ಮನೆಯಿಂದ ತಂದಿದ್ದು. ಅವನ ಮನೆಯಲ್ಲಿ ಅಳೆದಾಗ, ಇವತ್ತಿನ ಅಮೆರಿಕದ ಮಿತಿಗಿಂತ ಆರುನೂರು ಪಟ್ಟಿಗೂ ಹೆಚ್ಚು ರೇಡಾನ್. ಮಕ್ಕಳ ಸಮೇತ ಮನೆ ಬಿಟ್ಟರು. ಆಶ್ಚರ್ಯ ಏನಂದ್ರೆ, ಹತ್ತಿರದ ಮನೆಯಲ್ಲಿ ಅಂಥದ್ದೇನೂ ಇರಲಿಲ್ಲ. ಕೆಲವು ತಿಂಗಳ ರಿಪೇರಿ ಆದಮೇಲೆ ಕುಟುಂಬ ಅದೇ ಮನೆಗೆ ವಾಪಸ್ ಬಂತು. ನನಗೆ ಈ ಕಥೆಯಲ್ಲಿ ಇಷ್ಟವಾಗೋದು ಇದೇ ವಾಪಸಾತಿ.

ಈಗ ನಮ್ಮ ಕಡೆ ಬರೋಣ. ಜೇವರ್ಗಿ ಪಕ್ಕದ ಶಹಾಪುರ ತಾಲ್ಲೂಕಿನ ಗೋಗಿ ಗೊತ್ತಲ್ಲ? ಬಿಜಾಪುರದ ಆದಿಲ್‌ಶಾಹಿ ಮನೆತನ ಕಟ್ಟಿದ ಯೂಸುಫ್ ಆದಿಲ್ ಶಾ ಮಲಗಿರೋದು ಅಲ್ಲೇ. ಆ ಊರಿನ ಸುಣ್ಣಕಲ್ಲು, ಅದರಡಿಯ ಗ್ರಾನೈಟ್ ಬಿರುಕುಗಳಲ್ಲಿ ಯುರೇನಿಯಂ ಇದೆ ಅಂತ 1990ರ ದಶಕದಲ್ಲಿ ಪರಮಾಣು ಖನಿಜ ನಿರ್ದೇಶನಾಲಯದವರು ಕಂಡುಕೊಂಡರು. ಗಣಿ ಮಾತು ಎದ್ದಾಗ ಊರವರು ಬೀದಿಗಿಳಿದರು. ಬಾವಿ ನೀರು ಏನಾಗುತ್ತೆ, ಹೊಲ ಏನಾಗುತ್ತೆ ಅನ್ನೋದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆನೇ. ಆದರೆ ಆ ಗದ್ದಲದಲ್ಲಿ ಇನ್ನೊಂದು ಪ್ರಶ್ನೆ ಹಿಂದೆ ಬಿತ್ತು: ಗಣಿ ತೆಗೆಯದಿದ್ದರೂ ಕಲ್ಲು ಅಲ್ಲೇ ಇದೆಯಲ್ಲ, ಅದರ ಮೇಲಿನ ಮನೆಗಳ ಗಾಳಿಯನ್ನ ಅಳೆಯೋರು ಯಾರು? ಗೋಗಿಯಲ್ಲಿ ಯುರೇನಿಯಂ ಇದೆ ಅಂದ ಮಾತ್ರಕ್ಕೆ ಅಂದೋಲಾದ ಮನೆಯಲ್ಲಿ ರೇಡಾನ್ ಹೆಚ್ಚು ಅಂತ ಅಲ್ಲ, ಹೆದರ್ಬೇಡಿ. ವಾಟ್ರಸ್ ಮನೆಯ ಪಾಠನೇ ಅದು. ಅಳೆಯೋವರೆಗೂ ಹೌದು ಅನ್ನೋಕೂ ಆಗಲ್ಲ, ಇಲ್ಲ ಅನ್ನೋಕೂ ಆಗಲ್ಲ.

ಅಳೆಯೋದು ಕಷ್ಟವೂ ಅಲ್ಲ. ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳ ಭೌತಶಾಸ್ತ್ರದವರು ವರ್ಷಗಳಿಂದ ಮನೆಗಳಲ್ಲಿ ಈ ಕೆಲಸ ಮಾಡಿದ್ದಾರೆ. ಪ್ಲಾಸ್ಟಿಕ್ ಕಪ್ಪಿನೊಳಗೆ ಉಗುರಿನಷ್ಟು ಕೆಂಪು ಫಿಲ್ಮ್ ಇಟ್ಟು ಮೂರು ತಿಂಗಳು ಕೋಣೆಯಲ್ಲಿ ತೂಗುಹಾಕ್ತಾರೆ. ರೇಡಾನ್ ಒಡೆದಾಗೆಲ್ಲ ಫಿಲ್ಮ್ ಮೇಲೆ ಗೀರು ಬೀಳುತ್ತೆ. ಕಾಸ್ಟಿಕ್ ಸೋಡಾದಲ್ಲಿ ಅದ್ದಿ, ಸೂಕ್ಷ್ಮದರ್ಶಕದಲ್ಲಿ ಗೀರು ಎಣಿಸ್ತಾರೆ. ಇದೇ ನಮ್ಮ ಕಾಲದ ಕಂದೀಲು. ಒಂದು ಘನ ಮೀಟರ್ ಗಾಳಿಯಲ್ಲಿ 100 ಬೆಕೆರೆಲ್ ದಾಟದಿರಲಿ, ಅದು ಸಾಧ್ಯವಾಗದ ಕಡೆ 300 ಮೀರಲೇಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿದೆ.

ಹೆಚ್ಚಿದ್ರೆ ಏನ್ ಮಾಡ್ಬೇಕು? ಮೊದಲು ಗಾಳಿ ಆಡಬೇಕು. ನಮ್ಮ ಹಳೇ ಮಾಳಿಗೆ ಮನೆಯ ಮಣ್ಣಿನ ನೆಲ ರೇಡಾನ್ ಒಳಗೆ ಬಿಡ್ತಿತ್ತು ನಿಜ, ಆದರೆ ಮೇಲಿನ ಬೆಳಕಿಂಡಿ ಅದನ್ನ ಹೊರಗೂ ಕಳಿಸ್ತಿತ್ತು. ಬೇಸಿಗೆಯಲ್ಲಂತೂ ಎಲ್ಲರೂ ಮಾಳಿಗೆ ಮೇಲೇ ಮಲಗೋರು. ಈಗ ಎಸಿ ಹಾಕ್ಕೊಂಡು ಕಿಟಕಿ ಬಿಗಿಯಾಗಿ ಮುಚ್ಚಿ ಮಲಗ್ತೀವಿ. ಎದುರುಬದುರು ಕಿಟಕಿ ತೆರೆಯೋದು, ನೆಲದ ಬಿರುಕು, ಪೈಪು ಹೋಗುವ ಸಂದು ಸಿಮೆಂಟಿನಿಂದ ಮುಚ್ಚೋದು, ಇವು ನಾವೇ ಮಾಡಬಹುದಾದ ಕೆಲಸ. ಅಷ್ಟಕ್ಕೂ ಕಮ್ಮಿ ಆಗದಿದ್ರೆ ನೆಲದಡಿಗೆ ಪೈಪ್ ಇಳಿಸಿ, ಸಣ್ಣ ಫ್ಯಾನ್ ಹಚ್ಚಿ, ಅಡಿಯ ಗಾಳಿಯನ್ನ ಚಾವಣಿ ಮೇಲಕ್ಕೆ ಎಳೆದು ಬಿಡ್ತಾರೆ. ಹೊಸ ಮನೆಗೆ ಬುನಾದಿ ತೋಡುವಾಗಲೇ ಆ ಪೈಪ್ ಇಟ್ಟರೆ ಖರ್ಚು ಕಮ್ಮಿ. ನಿಮ್ಮ ಮನೆ ಮೇಸ್ತ್ರಿಯನ್ನ ಒಮ್ಮೆ ಕೇಳಿ ನೋಡಿ, "ಅದ್ಯಾಕ್ರಿ?" ಅಂತಾರೆ. ಹಗೇವಿನ ಕಂದೀಲಿನ ಕಥೆ ಹೇಳಿ.